ಮಿರರ್‌ಲೆಸ್ ಕ್ಯಾಮೆರಾ: ದುಡ್ಡು ಬಾಡಿ ಮೇಲೋ, ಲೆನ್ಸ್ ಮೇಲೋ?

ಹೋದ ತಿಂಗಳು ಅಕ್ಕನ ಮಗ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ನಾಲ್ಕು ಮಿರರ್‌ಲೆಸ್ ಕ್ಯಾಮೆರಾಗಳನ್ನು, ಅಂದರೆ ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾಗಳನ್ನು, ಅಕ್ಕಪಕ್ಕ ಇಟ್ಟ ಪಟ್ಟಿ. ಮೆಗಾಪಿಕ್ಸೆಲ್ ಎಷ್ಟು, ಸೆಕೆಂಡಿಗೆ ಎಷ್ಟು ಫೋಟೊ, 4ಕೆ ವಿಡಿಯೊ ಇದೆಯಾ, ಸ್ಟೆಬಿಲೈಸೇಶನ್ ಇದೆಯಾ, ಹೀಗೆ ಇಪ್ಪತ್ತು ಸಾಲು. ಕೆಳಗೆ ಅವನ ಪ್ರಶ್ನೆ: "ಮಾವ, ಇದ್ರಲ್ಲಿ ಯಾವ್ದು ತಗೊಳ್ಳಲಿ? ಒಂದು ಲಕ್ಷದ ಮೇಲೆ ಹೋಗೋ ಹಾಗಿಲ್ಲ."

ಏನು ಫೋಟೊ ತೆಗೀತೀಯ ಅಂತ ಕೇಳಿದೆ. "ಆಟ" ಅಂದ. ಅಂದರೆ ಯಕ್ಷಗಾನ. ಅವನ ಊರು ಕುಂದಾಪುರದ ಹತ್ತಿರ. ಕೆಲಸ ಬೆಂಗಳೂರಲ್ಲಿ. ಮಳೆಗಾಲ ಮುಗಿದು ಮೇಳಗಳು ತಿರುಗಾಟಕ್ಕೆ ಹೊರಟವು ಅಂದರೆ ಅವನಿಗೆ ಊರಿಗೆ ಹೋಗಲು ಒಂದು ನೆಪ ಸಿಕ್ಕಿತು ಅಂತಲೇ ಲೆಕ್ಕ. ರಾತ್ರಿಯ ಆಟ, ರಂಗಸ್ಥಳದ ದೀಪ, ಕುಣಿಯುವ ವೇಷ. ಇದನ್ನು ಹಿಡಿಯಲು ಎಲ್ಲಕ್ಕಿಂತ ಮೊದಲು ಏನು ಬೇಕೋ, ಅದು ಆ ಇಪ್ಪತ್ತು ಸಾಲಿನಲ್ಲಿ ಇರಲೇ ಇಲ್ಲ. ಲೆನ್ಸ್.

ಕಳೆದ ವರ್ಷ ಅವನ ಜೊತೆ ನಾನೂ ಒಂದು ಆಟಕ್ಕೆ ಹೋಗಿದ್ದೆ. ಗದ್ದೆಯಲ್ಲಿ ರಂಗಸ್ಥಳ ಹಾಕಿದ್ದರು. ನನ್ನ ಹತ್ತಿರ ಎಪಿಎಸ್-ಸಿ ಅನ್ನುವ ಚಿಕ್ಕ ಅಳತೆಯ ಸೆನ್ಸರ್‌ನ (ಬೆಳಕು ಹಿಡಿಯುವ ಚಿಪ್) ಸಾಧಾರಣ ಮಿರರ್‌ಲೆಸ್, ಅದರ ಪೆಟ್ಟಿಗೆಯಲ್ಲೇ ಬಂದ ಕಿಟ್ ಲೆನ್ಸ್. ರಾತ್ರಿ ಒಂದೂವರೆ ಹೊತ್ತಿಗೆ ಚೆಂಡೆ ಏರಿತು. ವೇಷಧಾರಿ ಮಂಡಿ ಹಾಕಿ ಗಿರಗಿರ ತಿರುಗತೊಡಗಿದರು. ಕಿಟ್ ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 3200ಕ್ಕೆ ಏರಿಸಿದರೂ ಶಟರ್, ಅಂದರೆ ಬೆಳಕು ಒಳಗೆ ಬಿಡುವ ಹೊತ್ತು, 1/50 ಸೆಕೆಂಡಿಗೆ ನಿಂತಿತು. ತೆಗೆದದ್ದನ್ನು ಪರದೆ ಮೇಲೆ ದೊಡ್ಡದು ಮಾಡಿ ನೋಡಿದೆ. ಹಿಂದೆ ಕೂತ ಭಾಗವತರ ಮುಂಡಾಸು ನಿಚ್ಚಳವಾಗಿದೆ, ಜಾಗಟೆಯೂ ಕಾಣುತ್ತದೆ. ಮುಂದೆ ತಿರುಗುತ್ತಿದ್ದವರು ಮಾತ್ರ ಕೆಂಪು-ಹಳದಿಯ ಒಂದು ಸುರುಳಿ. ಮುಖವಿಲ್ಲ, ಕೈಯಿಲ್ಲ.

ಅಲ್ಲೇ ಲೆನ್ಸ್ ಬದಲಾಯಿಸಿದೆ. 50 ಎಂಎಂ, ಎಫ್ 1.8. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಬೆಲೆ ಕ್ಯಾಮೆರಾದ ಕಾಲು ಭಾಗದ ಆಸುಪಾಸು. ಅದೇ ಕ್ಯಾಮೆರಾ, ಅದೇ ಐಎಸ್‌ಒ, ಅದೇ ದೀಪ. ಶಟರ್ 1/500ಕ್ಕೆ ಹೋಯಿತು. ಈಗ ಹಣೆಯ ನಾಮ ಕಾಣುತ್ತದೆ, ಬೆರಳ ತುದಿ ಕಾಣುತ್ತದೆ, ಗಾಳಿಗೆ ಎದ್ದ ಸೀರೆಯ ನೆರಿಗೆ ಕಾಣುತ್ತದೆ.

ಇದರ ಲೆಕ್ಕ ಸುಲಭ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಸುಮಾರು 9.7. ಅಂದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು. ಈಗ ಇದನ್ನು ಫುಲ್ ಫ್ರೇಮ್ ಅನ್ನುವ ದೊಡ್ಡ ಸೆನ್ಸರ್ ಜೊತೆ ಇಟ್ಟು ನೋಡಿ. ಫುಲ್ ಫ್ರೇಮ್ ಸೆನ್ಸರ್ 36 x 24 ಎಂಎಂ. ಸೋನಿ, ನಿಕಾನ್‌ನ ಎಪಿಎಸ್-ಸಿ ಸುಮಾರು 23.5 x 15.6 ಎಂಎಂ. ವಿಸ್ತೀರ್ಣದಲ್ಲಿ ಫುಲ್ ಫ್ರೇಮ್ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಕತ್ತಲಲ್ಲಿ ಅದರಿಂದ ಸಿಗುವ ಲಾಭವೂ ಹೆಚ್ಚುಕಡಿಮೆ ಅಷ್ಟೇ. ಫುಲ್ ಫ್ರೇಮ್ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೊಂಡು ದುಡ್ಡು ಮುಗಿಸಿ, ಅದಕ್ಕೆ ಎಫ್ 6.3ರ ಕಿಟ್ ಲೆನ್ಸ್ ಹಾಕಿಕೊಂಡು ಆಟಕ್ಕೆ ಹೋದವನಿಗಿಂತ, ಅಗ್ಗದ ಬಾಡಿ ಮೇಲೆ ಎಫ್ 1.8 ಲೆನ್ಸ್ ಹಾಕಿದವನ ಫೋಟೊ ಚೆನ್ನಾಗಿ ಬರುತ್ತದೆ. ಎರಡಕ್ಕೂ ದುಡ್ಡಿದ್ದರೆ ಫುಲ್ ಫ್ರೇಮೇ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ಲಕ್ಷದ ಮಿತಿ ಹಾಕಿಕೊಂಡು ಬರುವವರ ಹತ್ತಿರ ಎರಡಕ್ಕೂ ದುಡ್ಡಿರುವುದಿಲ್ಲ, ಅಲ್ವಾ?

ಮೊದಲ ಕ್ಯಾಮೆರಾ ಕೊಳ್ಳುವವರಿಗೆ ಈ ಆಯ್ಕೆ ಯಾಕೆ ಇಷ್ಟು ಭಾರವಾಗಿದೆ ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. 2010ರಲ್ಲಿ ಜಪಾನಿನ ಕಂಪನಿಗಳು ಜಗತ್ತಿಗೆಲ್ಲ ಸೇರಿ 12 ಕೋಟಿ ಡಿಜಿಟಲ್ ಕ್ಯಾಮೆರಾ ಕಳಿಸಿದ್ದವು. 2023ರ ಹೊತ್ತಿಗೆ ಅದು 80 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಅಗ್ಗದ ಕ್ಯಾಮೆರಾಗಳ ಜಾಗವನ್ನೆಲ್ಲ ಮೊಬೈಲ್ ತೆಗೆದುಕೊಂಡಿತು. ಉಳಿದ ಗಿರಾಕಿಗಳು ಕಡಿಮೆ, ಹಾಗಾಗಿ ಒಂದೊಂದು ಕ್ಯಾಮೆರಾದಿಂದ ಬರಬೇಕಾದ ಲಾಭ ಜಾಸ್ತಿ. ಇದೇ ಹೊತ್ತಿಗೆ ಒಳಗೆ ಕನ್ನಡಿ ಇದ್ದ ಡಿಎಸ್‌ಎಲ್‌ಆರ್ ಕಾಲವೂ ಮುಗಿಯಿತು. ಪ್ಯಾನಸಾನಿಕ್ 2008ರಲ್ಲಿ ಜಿ1 ಅನ್ನುವ ಮಿರರ್‌ಲೆಸ್ ತಂದಾಗ ಯಾರೂ ಅಷ್ಟು ಲೆಕ್ಕಕ್ಕೆ ಇಟ್ಟಿರಲಿಲ್ಲ. 2013ರಲ್ಲಿ ಸೋನಿ ಫುಲ್ ಫ್ರೇಮ್ ಮಿರರ್‌ಲೆಸ್ ತಂದಿತು, 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಹಿಂದೆ ಬಂದವು. 2020ರಲ್ಲಿ ಮಿರರ್‌ಲೆಸ್ ಮಾರಾಟ ಡಿಎಸ್‌ಎಲ್‌ಆರ್ ಅನ್ನು ದಾಟಿತು. ಮೊದಲು ಕಾಲೇಜು ಹುಡುಗರು ಕೊಳ್ಳುತ್ತಿದ್ದ ಅಗ್ಗದ ಡಿಎಸ್‌ಎಲ್‌ಆರ್ ಕಿಟ್‌ನ ಜಾಗ ಈಗ ಬಹುತೇಕ ಖಾಲಿ. ಅದೇ ಹುಡುಗರು ಈಗ ಹೆಚ್ಚು ದುಡ್ಡು ಕೊಟ್ಟು ಒಳಗೆ ಬರಬೇಕು. ತಪ್ಪು ಆಯ್ಕೆ ಮಾಡಿದರೆ ಕಳೆದುಕೊಳ್ಳುವುದೂ ಜಾಸ್ತಿ.

ಸರಿ, ಹೆಚ್ಚು ದುಡ್ಡು ಕೊಟ್ಟರೆ ನಿಜಕ್ಕೂ ಏನು ಸಿಗುತ್ತದೆ? ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಪಾಠ ಕ್ಯಾನನ್‌ನ ಎರಡು ಕ್ಯಾಮೆರಾಗಳು. 2022ರ ನವೆಂಬರ್‌ನಲ್ಲಿ ಆರ್6 ಮಾರ್ಕ್ 2 ಬಂತು. ಅಮೆರಿಕದಲ್ಲಿ ಬಾಡಿ ಬೆಲೆ ಆಗ 2,499 ಡಾಲರ್. ಮೂರು ತಿಂಗಳಿಗೆ ಆರ್8 ಬಂತು, 1,499 ಡಾಲರ್. ಎರಡರಲ್ಲೂ ಅದೇ 24.2 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಸೆನ್ಸರ್. ಒಂದೇ ಲೆನ್ಸ್ ಹಾಕಿ, ಟ್ರೈಪಾಡ್ ಮೇಲಿಟ್ಟು ತೆಗೆದರೆ ಯಾವ ಫೋಟೊ ಯಾವುದರದ್ದು ಅಂತ ಹೇಳುವುದು ಕಷ್ಟ. ಹಾಗಾದರೆ ಆ ಸಾವಿರ ಡಾಲರ್ ಯಾವುದಕ್ಕೆ?

ಆರ್6 ಮಾರ್ಕ್ 2ರಲ್ಲಿ ಸೆನ್ಸರನ್ನೇ ಅಲುಗಿಸಿ ಕೈ ನಡುಕ ಸರಿಮಾಡುವ ಸ್ಟೆಬಿಲೈಸೇಶನ್ ಇದೆ, ಆರ್8ರಲ್ಲಿ ಇಲ್ಲ. ಅದರಲ್ಲಿ ಎರಡು ಕಾರ್ಡ್ ಜಾಗ, ಇದರಲ್ಲಿ ಒಂದೇ. ಅದರ ಬ್ಯಾಟರಿ 2130 ಎಂಎಎಚ್, ಇದರದ್ದು 1040. ಅದರ ಮೆಕ್ಯಾನಿಕಲ್ ಶಟರ್ ಸೆಕೆಂಡಿಗೆ 12 ಫೋಟೊ ತೆಗೆಯುತ್ತದೆ, ಇದು ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್‌ನಲ್ಲಿ (ಅರ್ಧ ಎಲೆಕ್ಟ್ರಾನಿಕ್, ಅರ್ಧ ಮೆಕ್ಯಾನಿಕಲ್ ಶಟರ್) 6. ಫೋಕಸ್ ಬಿಂದು ಸರಿಸುವ ಜಾಯ್‌ಸ್ಟಿಕ್ ಅದರಲ್ಲಿದೆ, ಇದರಲ್ಲಿಲ್ಲ. ತೂಕದಲ್ಲಿ ಮಾತ್ರ ಆರ್8 ಗೆಲ್ಲುತ್ತದೆ: 670 ಗ್ರಾಂ ಎದುರು 461.

ಈ ಪಟ್ಟಿಯಲ್ಲಿ ಚಿತ್ರದ ಗುಣಮಟ್ಟ ಅನ್ನುವ ಮಾತೇ ಇಲ್ಲ. ಆ ಸಾವಿರ ಡಾಲರ್ ಕೊಡುವುದು ಚಿತ್ರ ಕೈತಪ್ಪದೆ ಇರಲಿ ಅಂತ. ಯಾವ ಹೊತ್ತಿನಲ್ಲಿ ನಮ್ಮ ಚಿತ್ರ ಕೈತಪ್ಪುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ಅದು ಗೊತ್ತಾದರೆ ಯಾವ ಸೌಲಭ್ಯಕ್ಕೆ ದುಡ್ಡು ಕೊಡಬೇಕು, ಯಾವುದನ್ನು ಬಿಡಬಹುದು ಅನ್ನುವುದೂ ಗೊತ್ತಾಗುತ್ತದೆ.

ಸ್ಟೆಬಿಲೈಸೇಶನ್ ಅನ್ನೇ ತೆಗೆದುಕೊಳ್ಳಿ. ಈಗ ಎಲ್ಲರೂ ಮೊದಲು ಕೇಳುವುದು ಇದನ್ನೇ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ನವರಂಗಕ್ಕೆ ಹೋಗಿ ನಿಂತುಕೊಳ್ಳಿ. ಹೊರಗಿನ ಬಿಸಿಲಿನಿಂದ ಒಳಗೆ ಬಂದರೆ ಒಂದು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಒಂದೊಂದೇ ಕಂಬ ಕಣ್ಣಿಗೆ ಬೀಳುತ್ತದೆ, ತಲೆಯೆತ್ತಿದರೆ ಭುವನೇಶ್ವರಿಯ ಕೆತ್ತನೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬೇಕೆಂದರೆ ಮೊದಲೇ ಅನುಮತಿ ಪಡೆಯಬೇಕು. ಕೈಯಲ್ಲೇ ಹಿಡಿದು 1/4 ಸೆಕೆಂಡ್ ತೆಗೆಯಬೇಕಾಗುತ್ತದೆ. ಇಲ್ಲಿ ಸ್ಟೆಬಿಲೈಸೇಶನ್ ಕೊಟ್ಟ ದುಡ್ಡಿಗೆ ಪೂರ್ತಿ ಕೆಲಸ ಮಾಡುತ್ತದೆ. ಯಾಕೆಂದರೆ ಕಲ್ಲು ಅಲುಗಾಡುವುದಿಲ್ಲ. ಅಲುಗಾಡುವುದು ನಮ್ಮ ಕೈ ಮಾತ್ರ. ರಂಗಸ್ಥಳದಲ್ಲಿ ಇದೇ ಸೌಲಭ್ಯ ಕೈಕಟ್ಟಿ ಕೂರುತ್ತದೆ. ಅದು ನನ್ನ ಕೈ ನಡುಕ ನಿಲ್ಲಿಸಬಲ್ಲದು, ಕುಣಿಯುವವರ ಕಾಲನ್ನು ನಿಲ್ಲಿಸಲಾರದು. ಆಟದ ಫೋಟೊ ತೆಗೆಯುವ ಹುಡುಗ ಇದಕ್ಕೋಸ್ಕರ ಮೂವತ್ತು ಸಾವಿರ ಜಾಸ್ತಿ ಕೊಟ್ಟರೆ, ಆ ಮೂವತ್ತು ಸಾವಿರ ಲೆನ್ಸಿನಿಂದ ಕಿತ್ತುಕೊಂಡ ಹಾಗೆ.

ಎರಡು ಕಾರ್ಡ್ ವಿಷಯವೂ ಹಾಗೇ. ಪ್ರವಾಸಕ್ಕೆ ಹೋಗುವವರಿಗೆ ಒಂದು ಸಾಕು. ಮದುವೆ ತೆಗೆಯುವವರಿಗೆ ಎರಡು ಬೇಕೇ ಬೇಕು, ಇಲ್ಲಿ ರಾಜಿ ಮಾಡಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಸ್ನೇಹಿತನ ತಂಗಿಯ ಮದುವೆಯಲ್ಲಿ ನನ್ನ ಒಂದು ಕಾರ್ಡ್ ಕೈಕೊಟ್ಟಿತು. ಧಾರೆಯಿಂದ ಸಪ್ತಪದಿಯವರೆಗೆ ತೆಗೆದದ್ದೆಲ್ಲ ಹೋಯಿತು. ರಿಕವರಿ ಸಾಫ್ಟ್‌ವೇರ್ ಹಾಕಿ ಎರಡು ರಾತ್ರಿ ಕೂತರೆ ಅರ್ಧ ಸಿಕ್ಕಿತು, ಅದರಲ್ಲೂ ಎಷ್ಟೋ ಫೋಟೊಗಳ ಕೆಳಭಾಗ ಬೂದುಬಣ್ಣ. ಮಗಳ ಕೈ ಹಿಡಿದು ಧಾರೆ ಎರೆದ ಅಪ್ಪನಿಗೆ ಇನ್ನೊಂದು ಸಲ ನಿಂತುಕೊಳ್ಳಿ ಅನ್ನಲು ಆಗುತ್ತದೆಯೇ? ಆ ಮನೆಯವರು ಒಂದು ಮಾತೂ ಆಡಲಿಲ್ಲ. ನನಗೆ ಇವತ್ತಿಗೂ ಅದು ಮರೆತಿಲ್ಲ.

ಬಾಡಿಯಲ್ಲಿ ಎಲ್ಲರಿಗೂ ಕೆಲಸಕ್ಕೆ ಬರುವ ಒಂದು ಸೌಲಭ್ಯ ಹೇಳು ಅಂದರೆ ನಾನು ಆಟೋಫೋಕಸ್ ಅನ್ನುತ್ತೇನೆ. ಮಿರರ್‌ಲೆಸ್ ನಿಜವಾಗಿ ಮುಂದೆ ಹೋದದ್ದು ಇಲ್ಲಿ. ಸೆನ್ಸರ್ ಸದಾ ನೋಡುತ್ತಲೇ ಇರುವುದರಿಂದ ಕಣ್ಣು ಯಾವುದು, ಹಕ್ಕಿ ಯಾವುದು ಅಂತ ಗುರುತಿಸಿ ಹಿಂಬಾಲಿಸುತ್ತದೆ. ಇದು ಮೇಲಿನ ಕ್ಯಾಮೆರಾಗಳಿಂದ ಕೆಳಗಿನವಕ್ಕೆ ಬೇಗ ಇಳಿದು ಬರುವ ಸೌಲಭ್ಯವೂ ಹೌದು. 2021ರ ಕೊನೆಗೆ ಬಂದ ನಿಕಾನ್ ಝಡ್9ರ ಬೆಲೆ ಆಗ 5,500 ಡಾಲರ್ ಹತ್ತಿರ. ಅದರಲ್ಲಿದ್ದ, ಫೋಕಸ್ ಲೆಕ್ಕ ಮಾಡುವ ಎಕ್ಸ್‌ಪೀಡ್ 7 ಪ್ರೊಸೆಸರ್ ಮೂರೇ ವರ್ಷಕ್ಕೆ, 2024ರ ನವೆಂಬರ್‌ನಲ್ಲಿ, 910 ಡಾಲರ್‌ನ ಝಡ್50 ಎರಡನೇ ಆವೃತ್ತಿಗೆ ಬಂತು. ಸೆನ್ಸರ್ ಮಾತ್ರ 2019ರ ಹಳೇ ಝಡ್50ರ 20.9 ಮೆಗಾಪಿಕ್ಸೆಲ್‌ನದ್ದೇ. ಪಟ್ಟಿ ನೋಡಿ ಕೊಳ್ಳುವವರಿಗೆ 20.9 ಅನ್ನುವುದು ಹಿಂದೆ ಬಿದ್ದಂತೆ ಕಾಣುತ್ತದೆ. ಬಳಸುವವರಿಗೆ ಫೋಕಸ್‌ನಲ್ಲಿ ಆದ ಬದಲಾವಣೆಯೇ ದೊಡ್ಡದು. ಮೆಗಾಪಿಕ್ಸೆಲ್ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ. 24 ಮೆಗಾಪಿಕ್ಸೆಲ್ ಅಂದರೆ 20 ಇಂಚು ಅಗಲದ ಒಳ್ಳೆ ಪ್ರಿಂಟ್. 4ಕೆ ಟಿವಿಗೆ ಬೇಕಾದದ್ದು ಬರೀ 8.3.

ಪಟ್ಟಿಯಲ್ಲಿ ಎದ್ದು ಕಾಣದ ಕೆಲವು ಕೊರತೆಗಳೂ ಇರುತ್ತವೆ. ಸೋನಿ ಝಡ್‌ವಿ-ಇ10ರ ಎರಡನೇ ಆವೃತ್ತಿ 2024ರಲ್ಲಿ ಬಂತು. ವಿಡಿಯೊ ಮಾಡುವವರಿಗೆ ಒಳ್ಳೆಯ ಕ್ಯಾಮೆರಾ, ಬ್ಯಾಟರಿಯೂ ದೊಡ್ಡದಾಯಿತು. ಆದರೆ ಅದರಲ್ಲಿ ಮೆಕ್ಯಾನಿಕಲ್ ಶಟರ್ ಇಲ್ಲವೇ ಇಲ್ಲ, ಕಣ್ಣಿಟ್ಟು ನೋಡುವ ವ್ಯೂಫೈಂಡರೂ ಇಲ್ಲ. ಶಟರ್ ಇಲ್ಲದಿದ್ದರೆ ಏನು ತೊಂದರೆ? ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪ ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ ಆ ಮಿನುಗು ಫೋಟೊದಲ್ಲಿ ಅಡ್ಡಪಟ್ಟೆಯಾಗಿ ಬರುತ್ತದೆ. ಎಲ್‌ಇಡಿ ಗೋಡೆ ಹಾಕಿದ ಮದುವೆ ಮಂಟಪ, ಊರಹಬ್ಬದ ವೇದಿಕೆ, ಈಗಿನ ರಂಗಸ್ಥಳ, ಎಲ್ಲ ಕಡೆ ಇದೇ ಕಥೆ. ಯೂಟ್ಯೂಬ್‌ಗೆ ಅಡುಗೆ ವಿಡಿಯೊ ಮಾಡುವವರು ಈ ಕೊರತೆಯನ್ನು ಸುಮ್ನೆ ಮರೆತುಬಿಡಬಹುದು, ಉಳಿದ ದುಡ್ಡಿಗೆ ಒಂದು ಒಳ್ಳೆ ಮೈಕ್ ತಗೊಳ್ಳಿ. ಅಕ್ಕನ ಮಗನ ಪಟ್ಟಿಯಿಂದ ಮಾತ್ರ ನಾನು ಅದನ್ನು ಮೊದಲೇ ತೆಗೆಸಿದೆ.

ಇನ್ನು ಮೌಂಟ್, ಅಂದರೆ ಬಾಡಿ ಮತ್ತು ಲೆನ್ಸ್ ಕೂಡುವ ಜಾಗ. ಬಾಡಿ ಕೊಳ್ಳುವುದು ಅಂದರೆ ಒಂದು ಲೆನ್ಸ್ ಮನೆತನಕ್ಕೆ ಸೇರಿಕೊಂಡ ಹಾಗೆ. ಬಾಡಿ ಐದು ವರ್ಷಕ್ಕೆ ಹಳತಾಗುತ್ತದೆ, ಲೆನ್ಸ್ ಹದಿನೈದು ವರ್ಷ ಬಾಳುತ್ತದೆ. ಸೋನಿ 2011ರಲ್ಲೇ ತನ್ನ ಇ-ಮೌಂಟ್‌ನ ಮೂಲ ಮಾಹಿತಿಯನ್ನು ಬೇರೆ ಕಂಪನಿಗಳಿಗೆ ಉಚಿತವಾಗಿ ಕೊಟ್ಟಿತು. ಅದಕ್ಕೇ ಇವತ್ತು ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳು ಆ ಕಡೆ ರಾಶಿ ಇವೆ. ಎಪಿಎಸ್-ಸಿಗೆ ಸಿಗ್ಮಾದ 18-50 ಎಂಎಂ ಎಫ್ 2.8 ಝೂಮ್ 300 ಗ್ರಾಂ ಕೂಡ ಇಲ್ಲ, ಕಿಟ್ ಲೆನ್ಸಿನ ಜಾಗಕ್ಕೆ ಅಷ್ಟು ಚೆನ್ನಾಗಿ ಹೊಂದುವ ಇನ್ನೊಂದನ್ನು ನಾನು ನೋಡಿಲ್ಲ. ನಿಕಾನ್ ಝಡ್ ಮೌಂಟ್‌ಗೆ ಇಂಥ ಲೆನ್ಸ್ ನಿಧಾನಕ್ಕೆ ಬಂದವು. ಕ್ಯಾನನ್ ಬಾಗಿಲು ತೆರೆದದ್ದು 2024ರಲ್ಲಿ, ಅದೂ ಎಪಿಎಸ್-ಸಿ ಲೆನ್ಸ್‌ಗಳಿಂದ ಶುರುಮಾಡಿ. ಬಾಡಿಯಲ್ಲಿ ಐದು ಸಾವಿರ ಉಳಿಸಿ, ಮುಂದೆ ಒಂದೊಂದು ಲೆನ್ಸಿಗೂ ಹದಿನೈದು ಸಾವಿರ ಜಾಸ್ತಿ ಕೊಟ್ಟವರನ್ನು ಬಹಳ ನೋಡಿದ್ದೇನೆ.

ಮನೆಯಲ್ಲಿ ಹಳೇ ಡಿಎಸ್‌ಎಲ್‌ಆರ್ ಲೆನ್ಸ್ ಇದ್ದವರ ಲೆಕ್ಕ ಬೇರೆ. ಕ್ಯಾನನ್ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಹೊಸ ಬಾಡಿಯಲ್ಲಿ ಆಟೋಫೋಕಸ್ ಸಮೇತ ಚೆನ್ನಾಗಿ ಓಡುತ್ತವೆ. ನಿಕಾನ್‌ನಲ್ಲಿ ಎಚ್ಚರ ಬೇಕು. ಎಎಫ್-ಎಸ್, ಎಎಫ್-ಪಿ ಅಂತ ಬರೆದಿದ್ದರೆ ಸರಿ. ಅಪ್ಪ ತಗೊಂಡಿದ್ದ ಹಳೇ 50 ಎಂಎಂ 1.8 ಡಿ ಥರದ್ದಾದರೆ ಅದಕ್ಕೆ ಒಳಗೆ ಮೋಟರ್ ಇಲ್ಲ, ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಇಲ್ಲ. ಫೋಕಸ್ ಕೈಯಲ್ಲೇ ತಿರುಗಿಸಬೇಕು.

ಹಕ್ಕಿ ನೋಡುವವರಿಗೆ ಮೇಲೆ ಹೇಳಿದ ಎಷ್ಟೋ ಮಾತು ತಿರುವುಮುರುವು. ಅವರಿಗೆ ಚಿಕ್ಕ ಸೆನ್ಸರೇ ಲಾಭ. ಕ್ಯಾನನ್‌ನ ಆರ್‌ಎಫ್ 100-400 ಎಂಎಂ ಲೆನ್ಸ್ 635 ಗ್ರಾಂ. ಆರ್10 ಥರದ ಎಪಿಎಸ್-ಸಿ ಬಾಡಿ ಮೇಲೆ ಹಾಕಿದರೆ 640 ಎಂಎಂನಷ್ಟು ಹತ್ತಿರ ಕಾಣುತ್ತದೆ. ಕುತ್ತಿಗೆಗೆ ಹಾಕಿಕೊಂಡು ದಿನವಿಡೀ ತಿರುಗಬಹುದು. ನಿಕಾನ್ 180-600, ಸೋನಿ 200-600 ಇವೆಲ್ಲ ಎರಡು ಕಿಲೋ ಆಸುಪಾಸು. ರಂಗನತಿಟ್ಟಿನಲ್ಲಿ ದೋಣಿ ಮೇಲೆ ಕೂತು, ಹೊಳೆ ಮೇಲಿನ ತೆರೆದ ಬೆಳಕಲ್ಲಿ ಕೊಕ್ಕರೆ ತೆಗೆಯಲು ಆ ಚಿಕ್ಕ ಲೆನ್ಸ್ ಧಾರಾಳ ಸಾಕು. ಆದರೆ ಪೂರ್ತಿ ಝೂಮ್‌ನಲ್ಲಿ ಅದರ ಅಪರ್ಚರ್ ಎಫ್ 8. ದಾಂಡೇಲಿಯಲ್ಲಿ ಬೆಳಗಿನ ಏಳಕ್ಕೆ, ಮರದ ನೆರಳಲ್ಲಿ ಮಂಗಟ್ಟೆ ಕೂತಿದ್ದರೆ ಶಟರ್ ಏರುವುದೇ ಇಲ್ಲ. ಎರಡು ಕಿಲೋ ಲೆನ್ಸಿಗೆ ಜನ ಯಾಕೆ ಅಷ್ಟು ದುಡ್ಡು ಕೊಡುತ್ತಾರೆ ಅಂತ ಆಗ ಅರ್ಥವಾಗುತ್ತದೆ. ಸೆಕೆಂಡಿಗೆ 40 ಫೋಟೊ ಅನ್ನುವ ಸಾಲಿಗೆ ಮಾತ್ರ ಮರುಳಾಗಬೇಡಿ. ಒಂದು ರಾ ಫೈಲ್ (ಸೆನ್ಸರ್ ಹಿಡಿದದ್ದೆಲ್ಲ ಹಾಗೇ ಇರುವ ಫೋಟೊ ಫೈಲ್) 25 ಎಂಬಿ ಅಂದುಕೊಂಡರೂ ಸೆಕೆಂಡಿಗೆ ಒಂದು ಜಿಬಿ. ಕಾರ್ಡ್‌ಗೆ ಹೋಗುವ ಮೊದಲು ಫೋಟೊ ನಿಲ್ಲುವ ಕ್ಯಾಮೆರಾದ ಬಫರ್ ಎರಡು-ಮೂರು ಸೆಕೆಂಡಿಗೆ ತುಂಬಿ ನಿಂತುಬಿಡುತ್ತದೆ, ಮನೆಗೆ ಬಂದು ಆರಿಸುವ ಕೆಲಸ ನಿಮ್ಮ ಪಾಲಿಗೆ.

ಬಿಲ್‌ನಲ್ಲಿ ಬಾಡಿ, ಲೆನ್ಸ್ ಎರಡೇ ಇರುವುದಿಲ್ಲ. ಹತ್ತರಿಂದ ಹದಿನೈದು ಸಾವಿರ ಬೇರೆ ತೆಗೆದಿಡಿ. ಎರಡನೇ ಬ್ಯಾಟರಿ ಬೇಕೇ ಬೇಕು. ನಿಕಾನ್ ಡಿ3500 ಡಿಎಸ್‌ಎಲ್‌ಆರ್ ಒಂದು ಚಾರ್ಜ್‌ಗೆ 1550 ಫೋಟೊ ಕೊಡುತ್ತಿತ್ತು. ಚಿಕ್ಕ ಬ್ಯಾಟರಿಯ ಮಿರರ್‌ಲೆಸ್‌ನಲ್ಲಿ ಆ ಮಾತು ಮರೆತುಬಿಡಿ, ಬೆಳಗಿನವರೆಗಿನ ಆಟಕ್ಕೆ ಒಂದರಲ್ಲಿ ಆಗುವುದಿಲ್ಲ. ಕಾರ್ಡ್ ವಿಷಯದಲ್ಲಿ ಮಾತ್ರ ಜನ ಸುಮ್ನೆ ಜಾಸ್ತಿ ಕೊಡುತ್ತಾರೆ. ವಿಡಿಯೊ ವೇಗ ಬರೆಯುವುದು ಮೆಗಾಬಿಟ್‌ನಲ್ಲಿ, ಕಾರ್ಡ್ ವೇಗ ಬರೆಯುವುದು ಮೆಗಾಬೈಟ್‌ನಲ್ಲಿ. 200 ಮೆಗಾಬಿಟ್ ಅಂದರೆ 25 ಮೆಗಾಬೈಟ್ ಅಷ್ಟೇ. ವಿ30 ಕಾರ್ಡ್ ಕಡಿಮೆ ಅಂದರೂ ಸೆಕೆಂಡಿಗೆ 30 ಮೆಗಾಬೈಟ್ ಬರೆಯುತ್ತದೆ. ಅದಕ್ಕಿಂತ ವೇಗದ ವಿ90 ಬೇಕಾಗುವವರು ಬಹಳ ಕಡಿಮೆ.

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಖರ್ಚಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿಯ ಗಾಳಿಯಲ್ಲಿ ತೇವ ತುಂಬಿರುತ್ತದೆ. ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟ ಲೆನ್ಸಿಗೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಗಾಜಿನ ಒಳಗೆ ಜೇಡರ ಬಲೆಯ ಥರ ಬಿಳಿ ಎಳೆ. ಡ್ರೈ ಕ್ಯಾಬಿನೆಟ್ ತಗೊಳ್ಳಿ. ಇಲ್ಲವೇ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಒಂದು ಚಿಕ್ಕ ಮೀಟರ್. ಮುಳ್ಳು 40ರಿಂದ 50 ಪರ್ಸೆಂಟ್ ನಡುವೆ ಇರಲಿ. ಸೆಕೆಂಡ್‌ಹ್ಯಾಂಡ್ ಲೆನ್ಸ್ ಕೊಳ್ಳುವಾಗಲೂ ಇದೇ ನೆನಪಿರಲಿ: ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿ.

ಸೆಕೆಂಡ್‌ಹ್ಯಾಂಡ್ ಬಾಡಿ ಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ. ಎರಡು-ಮೂರು ವರ್ಷ ಹಳೇ ಬಾಡಿ, ಹೊಸ ಲೆನ್ಸ್, ಇದು ಕಡಿಮೆ ದುಡ್ಡಿನವರಿಗೆ ಬಹಳ ಒಳ್ಳೆಯ ಜೋಡಿ. ಬಿಲ್ ಇರಲಿ, ಶಟರ್ ಎಷ್ಟು ಸಲ ಓಡಿದೆ ಕೇಳಿ. ನನಗೆ ಭಯ ಇರುವುದು ಗ್ರೇ ಮಾರ್ಕೆಟ್ ಬಗ್ಗೆ. ಕ್ಯಾಮೆರಾ ಮೇಲಿನ ಜಿಎಸ್‌ಟಿ 2019ರ ಜನವರಿಯಿಂದ 18 ಪರ್ಸೆಂಟ್, ಮೊದಲು 28 ಇತ್ತು. ಹೊಸ ಡಬ್ಬಿಯನ್ನು ಬಿಲ್ ಇಲ್ಲದೆ ಹತ್ತು ಸಾವಿರ ಕಡಿಮೆಗೆ ಕೊಡುತ್ತೇವೆ ಅಂದರೆ ಭಾರತದ ವಾರಂಟಿ ಸಿಗುವುದಿಲ್ಲ ಅಂತಲೇ ಅರ್ಥ. ಒಂದು ಸೆನ್ಸರ್ ಹೋದರೆ ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಖರ್ಚು.

ಅಕ್ಕನ ಮಗ ಇನ್ನೂ ಕೊಂಡಿಲ್ಲ. ಪಟ್ಟಿಯಲ್ಲಿ ಈಗ ಎರಡೇ ಉಳಿದಿವೆ, ಎರಡೂ ಎಪಿಎಸ್-ಸಿ. ಲಕ್ಷದಲ್ಲಿ ಐವತ್ತೈದು ಸಾವಿರ ಕ್ಯಾಮೆರಾ ಬಾಡಿ ಮೇಲೆ, ಮೂವತ್ತು ಲೆನ್ಸ್‌ಗೆ, ಉಳಿದದ್ದು ಬ್ಯಾಟರಿ, ಕಾರ್ಡ್, ಡ್ರೈ ಬಾಕ್ಸ್‌ಗೆ ಅಂತ ಹಂಚಿದ್ದೇವೆ. ಬೆಂಗಳೂರಲ್ಲಿ ಕ್ಯಾಮೆರಾ ದಿನಬಾಡಿಗೆಗೆ ಸಿಗುತ್ತದೆ. ಈ ಶನಿವಾರ ಊರಿಗೆ ಹೋಗುವಾಗ ಒಂದನ್ನು ಎಫ್ 1.8 ಲೆನ್ಸ್ ಸಮೇತ ತಗೊಂಡು ಹೋಗುತ್ತಾನೆ, ಮುಂದಿನ ಸಲ ಇನ್ನೊಂದನ್ನು. ಏನೇನು ನೋಡಬೇಕು ಅಂತ ಒಂದು ಚೀಟಿ ಬರೆದುಕೊಟ್ಟಿದ್ದೇನೆ. ಮುಖವರ್ಣಿಕೆ ಬಳಿದ ಮುಖದಲ್ಲಿ ಕಣ್ಣನ್ನು ಅದು ಗುರುತಿಸುತ್ತದೆಯಾ. ಅಲ್ಲಿಯ ಎಲ್‌ಇಡಿ ದೀಪದಲ್ಲಿ ಪಟ್ಟೆ ಬರುತ್ತದೆಯಾ. ಮೊದಲ ಬ್ಯಾಟರಿ ಎಷ್ಟು ಗಂಟೆಗೆ ಮುಗಿಯಿತು. ಕತ್ತಲಲ್ಲಿ, ಕಣ್ಣು ರಂಗಸ್ಥಳದ ಮೇಲೇ ಇದ್ದಾಗ, ಬೆರಳಿಗೆ ಐಎಸ್‌ಒ ಬಟನ್ ತಾನಾಗಿ ಸಿಗುತ್ತದೆಯಾ.